ರೋಟರ್ ಇಲ್ಲದೆ ಓಡಿದ ಗಾಡಿ

ದೆವ್ವ, ಗಾಳಿ, ಮಾಟ, ಮೈಮೇಲೆ ಬರುವ ದೇವರು, ಇವು ಯಾವುದನ್ನೂ ನಾನು ನಂಬಿದವಳಲ್ಲ. ಇವತ್ತಿಗೂ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರೆದದ್ದನ್ನು ಓದಿ, "ಕಡೀಕ ಈಕಿನೂ ನಮ್ಮ ದಾರಿಗೆ ಬಂದ್ಲು ನೋಡ್ರಿ" ಎಂದು ಯಾರೂ ಸಂತೋಷಪಡಬಾರದು. ನಾನು ಯಾರ ದಾರಿಗೂ ಬಂದಿಲ್ಲ. ಆದರೆ ಹಾಡುಹಗಲಲ್ಲಿ, ನನ್ನ ಕೈಯಲ್ಲೇ ನಡೆದ ಸಂಗತಿಯೊಂದನ್ನು, ಅರ್ಥವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಡೆಯಲೇ ಇಲ್ಲ ಎಂದು ಹೇಳುವುದೂ ನನ್ನಿಂದಾಗದು. ಎರಡೂ ಕಡೆಯವರು ನನ್ನ ಮೇಲೆ ಸಿಟ್ಟಾಗಲಿ. ನಡೆದದ್ದು ಇಷ್ಟು.

ನನ್ನ ತವರು ಕುಷ್ಟಗಿ. ಅಪ್ಪ ಮೂಲದಲ್ಲಿ ಬೇವೂರಿನ ಒಕ್ಕಲುತನದ ಮನೆಯವರು. ಎರೆಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬಂದು, ಕುಷ್ಟಗಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಜೀಪು, ಕಾರು, ನೀರೆತ್ತುವ ಎಂಜಿನ್ನುಗಳ ರಿಪೇರಿ ಮಾಡುತ್ತಿದ್ದರು. ಮನೆಗೆ ನಾನೊಬ್ಬಳೇ ಮಗಳು. ಸಾಲಿ ಬಿಟ್ಟ ಮೇಲೆ ಅಡುಗೆಮನೆಗಿಂತ ಆ ಶೆಡ್ಡಿನಲ್ಲೇ ನಾನು ಹೆಚ್ಚು ಬೆಳೆದೆ. ಅವ್ವ ಬೈಯುತ್ತಿದ್ದಳು. ಅಪ್ಪ ಕೇಳಿಸದವರಂತೆ ಇರುತ್ತಿದ್ದರು.

ಈಗಿನ ಕಾರುಗಳಿಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿದರೆ ಎಂಜಿನ್ನಿನ ಯಾವ ಭಾಗದಲ್ಲಿ ಏನು ದೋಷ ಎಂಬುದು ನಂಬರಿನಲ್ಲಿ ಮೂಡುತ್ತದೆ. ಆ ಎಪ್ಪತ್ತರ ದಶಕದಲ್ಲಿ ಅಂಥದ್ದೇನೂ ಇರಲಿಲ್ಲ. ಕಿವಿ, ಮೂಗು, ಬೆರಳು, ಇವಿಷ್ಟೇ. ಸೈಲೆನ್ಸರಿನಿಂದ ಕರಿ ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ಸೇರುತ್ತಿದೆ. ಗಾಡಿ ಚಾಲೂ ಆಗದಿದ್ದರೆ ಮೊದಲು ಪೆಟ್ರೋಲು ಬರುತ್ತಿದೆಯೇ ನೋಡು, ಆಮೇಲೆ ಕಿಡಿ ನೋಡು. ಒಂದನ್ನು ಪೂರ್ತಿ ನೋಡಿ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬೇಡ. ಅಪ್ಪ ಹೇಳಿಕೊಟ್ಟ ಪಾಠ ಇದು. ಮಗ್ಗಿ ಬಾಯಿಪಾಠ ಮಾಡಿದಂತೆ ನಾನು ಇದನ್ನು ಮಾಡಿದ್ದೆ.

ಒಮ್ಮೆ ಯಲಬುರ್ಗಾ ಕಡೆಯವರೊಬ್ಬರು ಜೀಪು ತಂದರು. ದಾರಿಯಲ್ಲಿ ಒಂದು ಹುಣಸೆಮರದ ಹತ್ತಿರ, ಮಧ್ಯಾಹ್ನದ ಹೊತ್ತಿಗೆ, ಪ್ರತಿ ಸಲ ನಿಂತುಬಿಡುತ್ತದೆ. ಮರದಲ್ಲಿ ಏನೋ ಇದೆ ಎಂದು ಅವರ ಮಾತು. ಜೀಪಿನ ಮುಂದೆ ನಾಲ್ಕು ನಿಂಬೆಹಣ್ಣು, ಒಂದು ಹಳೇ ಚಪ್ಪಲಿ ಕಟ್ಟಿಕೊಂಡು ಬಂದಿದ್ದರು. ಅಪ್ಪ ಬಗ್ಗಿ ನೋಡಿದರು. ಪೆಟ್ರೋಲಿನ ಪೈಪು ಬಿಸಿ ಸೈಲೆನ್ಸರಿಗೆ ತಾಗುವಷ್ಟು ಹತ್ತಿರ ಬಾಗಿತ್ತು. ಏರು ಹತ್ತಿ ಬಂದ ಎಂಜಿನ್ನು ಕಾದು, ಬಿಸಿಲೂ ಸೇರಿ, ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಬಿಡುತ್ತಿತ್ತು. ಹುಣಸೆಮರ ಇದ್ದದ್ದು ಆ ಏರಿನ ತುದಿಗೆ. ಪೈಪು ಸರಿಸಿ ಕಟ್ಟಿದರು, ಮತ್ತೆ ಅದು ಅಲ್ಲಿ ನಿಲ್ಲಲಿಲ್ಲ. ಜೀಪಿನವರು ಹೋಗುವಾಗ ಅಪ್ಪ ನಿಂಬೆಹಣ್ಣು ಬಿಚ್ಚಿ ನನ್ನ ಕೈಗೆ ಕೊಟ್ಟು, "ಪಾನಕ ಮಾಡವ್ವಾ, ಬಿಸಲು ಭಾಳ ಐತಿ" ಅಂದರು. ನನ್ನ ನಂಬಿಕೆ ಅಪನಂಬಿಕೆಗಳೆಲ್ಲ ಆ ಶೆಡ್ಡಿನಲ್ಲಿ ಆದಂಥವು.

ಮದುವೆಯಾಗಿ ನಾನು ಹೋದದ್ದು ಕಾರಟಗಿ ಸಮೀಪದ ಒಂದು ಊರಿಗೆ. ನಮ್ಮ ಕಡೆ ಆಕಾಶ ನೋಡಿ ಬಿತ್ತುವುದು. ಅಲ್ಲಿ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ದೂರ ಭತ್ತ. ರೊಟ್ಟಿ ತಿಂದು ಬೆಳೆದವಳಿಗೆ ಮೂರು ಹೊತ್ತು ಅನ್ನ ಉಂಡು ಹೊಟ್ಟೆ ತುಂಬಿದಂತೆ ಅನ್ನಿಸುತ್ತಲೇ ಇರಲಿಲ್ಲ. ಮಾವನವರದು ಊರಿನಲ್ಲಿ ತೂಕದ ಮನೆತನ. ಹೊಲ, ಟ್ರ್ಯಾಕ್ಟರು, ಮೇಲೆ ಗಂಗಾವತಿಯ ವ್ಯಾಪಾರಿಯೊಬ್ಬರಿಂದ ಕೊಂಡ ಒಂದು ಹಳೇ ಅಂಬಾಸಿಡರ್ ಕಾರು. ಅದನ್ನು ಓಡಿಸುತ್ತಿದ್ದವರು ನನ್ನ ಯಜಮಾನರು. ಮೆತ್ತನೆ ಸ್ವಭಾವದವರು. ನನಗೆ ಗಾಡಿ ಬರುತ್ತದೆಂದು ತಿಳಿದ ಮೇಲೆ ಸಂಜೆ ಹೊತ್ತು ಕಾಲುವೆ ದಂಡೆಯ ಮೇಲೆ ಕೀಲಿ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ನಗುತ್ತಿದ್ದರು.

ಆ ಕಾರಿನ ಮೈಯೆಲ್ಲ ನನಗೆ ಗೊತ್ತಾಗಿತ್ತು. ಮೂರನೇ ಸಿಲಿಂಡರು ನಿಧಾನದ ಓಟದಲ್ಲಿ ಆಗಾಗ ಒಂದು ಏಟು ತಪ್ಪಿಸುತ್ತಿತ್ತು. ಮಾತಿನ ನಡುವೆ ಬಿಕ್ಕಳಿಸಿದಂತೆ. ಪ್ಲಗ್ಗು ಬದಲಿಸಿದೆ, ವೈರು ಬದಲಿಸಿದೆ, ಹೋಗಲಿಲ್ಲ. ಒಳಗಿನ ವಾಲ್ವ್ ಸವೆದಿತ್ತು, ಎಂಜಿನ್ ಬಿಚ್ಚದೆ ಅದು ಹೋಗುವಂಥದ್ದಲ್ಲ. ಇನ್ನೊಮ್ಮೆ ಗಾಡಿ ಜಗ್ಗಿ ಜಗ್ಗಿ ಓಡತೊಡಗಿದಾಗ ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿ, ಕಿಡಿಯ ವೇಳೆ ಹಿಡಿಯುವ, ಕರಕಲಾಗಿದ್ದ ಪಾಯಿಂಟನ್ನು ಉಜ್ಜಿ ಸರಿಮಾಡಿದೆ. ಗಾಡಿ ಛಲೋ ಆಯಿತು, ನನ್ನ ಹೆಸರು ಕೆಟ್ಟಿತು. ಗುಡಿ ಕಟ್ಟೆಯ ಮೇಲೆ ಕೂರುವ ಹಿರಿಯರು ನನಗೆ "ಎಂಜಿನ್ ಡಾಕ್ಟರಮ್ಮ" ಎಂದು ಹೆಸರಿಟ್ಟರು. ಅದು ಹೊಗಳಿಕೆಯಾಗಿರಲಿಲ್ಲ.

ಒಂದು ದಿನ ಯಜಮಾನರು ಇಲ್ಲದಾಗ ಟ್ರ್ಯಾಕ್ಟರಿಗೆ ಡೀಸೆಲ್ ಬೇಕಾಯಿತು. ನಾನೊಬ್ಬಳೇ ಕಾರು ತೆಗೆದುಕೊಂಡು ಕಾರಟಗಿಗೆ ಹೋಗಿ ತಂದೆ. ಅತ್ತೆ ಎರಡು ದಿನ ಮಾತು ಬಿಟ್ಟರು. ಮಾವ ಏನೂ ಅನ್ನಲಿಲ್ಲ. ಮಾವ ಯಾವತ್ತೂ ಏನೂ ಅನ್ನುತ್ತಿರಲಿಲ್ಲ, ಮಾಡುತ್ತಿದ್ದರು.

ಭತ್ತ ಹೊಡೆ ಹಾಯುವ, ತೆನೆ ಕಟ್ಟುವ ಕಾಲ. ಊರಿಗೆ ಊರೇ ಎಣ್ಣೆ ಹೊಡೆಯುತ್ತಿತ್ತು. ಆ ಕಡೆ ಹುಳಕ್ಕೆ ಹೊಡೆಯುವ ಔಷಧಿಗೆ ಎಣ್ಣೆ ಎಂದೇ ಹೆಸರು. ಗಾಳಿಯಲ್ಲೆಲ್ಲ ಅದರ ಕಮಟು. ಯಜಮಾನರು ಅಕ್ಕಿ ಲಾರಿಯ ಜೊತೆ ಹುಬ್ಬಳ್ಳಿಗೆ ಹೋಗಿದ್ದರು. ಮಾವ ಜಮೀನಿನ ತಕರಾರಿನ ತಾರೀಖಿಗೆಂದು ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಹೋಗಿದ್ದರು. ಟ್ರ್ಯಾಕ್ಟರು ದೂರದ ಹೊಲದ ಕೆಸರಿನಲ್ಲಿತ್ತು.

ಮಧ್ಯಾಹ್ನ ಊಟ ಮುಗಿದಿತ್ತು. ಹೊರಗೆ ಗದ್ದಲ ಕೇಳಿ ಬಂದೆ. ನಮ್ಮ ಹೊಲದ ಆಳು ದುರುಗಪ್ಪನನ್ನು ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ತಂದು ಅಂಗಳದಲ್ಲಿ ಮಲಗಿಸಿದ್ದರು. ಹಿಂದೆ ಅವನ ಹೆಂಡತಿ ಹುಲಿಗೆಮ್ಮ, ಕೆಸರುಗಾಲಲ್ಲಿ ಓಡಿ ಬಂದು ಏದುಸಿರು ಬಿಡುತ್ತಿದ್ದಳು. ದುರುಗಪ್ಪನ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಮೈಯೆಲ್ಲ ಬೆವರು, ತೋಳಿನ ಖಂಡ ತಾನೇ ತಾನಾಗಿ ಅದುರುತ್ತಿತ್ತು. ಏನೋ ಬಡಬಡಿಸುತ್ತಿದ್ದ. ಹಾಳುಬಾವಿಯ ಪಕ್ಕದ ಗದ್ದೆಯಲ್ಲಿ ಬಿದ್ದಿದ್ದನಂತೆ. ಅಷ್ಟು ಸಾಕಾಯಿತು.

"ಬಾವಿದು ಗಾಳಿ ಸೋಕೈತಿ" ಅಂದರು ಅತ್ತೆ. ಕಟ್ಟೆಯ ಹಿರಿಯರೂ ಬಂದು ಸೇರಿದರು, ಅದನ್ನೇ ಹೇಳಿದರು. ಬೇವಿನ ಸೊಪ್ಪಿನಿಂದ ಹೊಡೆದು ಗಾಳಿ ಬಿಡಿಸುವ ಪೂಜಾರಿಯನ್ನು ಕರೆಯಲು ಒಬ್ಬ ಆಗಲೇ ಓಡಿದ್ದ.

ನಾನು ದುರುಗಪ್ಪನ ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಅಂಗಿ ಎಣ್ಣೆಯಲ್ಲಿ ತೊಯ್ದಿತ್ತು. ಹಿಂದಿನ ಬೆಳೆಯ ಹೊತ್ತಿನಲ್ಲಿ ಪಕ್ಕದ ಕ್ಯಾಂಪಿನಲ್ಲಿ, ಆಂಧ್ರದಿಂದ ಬಂದು ನೆಲೆಸಿದ ರೈತರ ವಸತಿಯಲ್ಲಿ, ಒಬ್ಬ ಇದೇ ರೀತಿ ಬಿದ್ದು, ಮಂತ್ರ ಹಾಕಿಸುತ್ತಾ ಕೂತು, ಸಂಜೆಗೆ ಸತ್ತಿದ್ದ. ಹೊತ್ತಿಗೆ ಸರಿಯಾಗಿ ತಂದಿದ್ದರೆ ಸೂಜಿಮದ್ದಿನಲ್ಲಿ ಉಳಿಯುತ್ತಿದ್ದ ಎಂದು ಗಂಗಾವತಿಯ ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲಿತ್ತು.

"ಇದು ಗಾಳಿ ಅಲ್ರಿ ಅತ್ತಿ, ಎಣ್ಣಿ. ಎಣ್ಣಿ ಮೈಗೆ ಏರೈತಿ. ದವಾಖಾನಿಗೆ ಒಯ್ಯಬೇಕು, ಈಗಿಂದೀಗ."

"ಯಾರ್ ಒಯ್ತಾರ? ಗಂಡಸರು ಯಾರದಾರ ಮನ್ಯಾಗ?"

"ನಾ ಒಯ್ತೀನಿ."

ಅತ್ತೆ ಕಾರು ನಿಲ್ಲಿಸಿದ್ದ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ಅವನ ಅಂಗಿ ಕಳಚಿಸಿ, ಮೈಮೇಲೆ ನಾಲ್ಕು ಕೊಡ ನೀರು ಸುರಿಸಿ, ಹಿಂದಿನ ಸೀಟಿನಲ್ಲಿ ಮಲಗಿಸಲು ಹೇಳಿದೆ. ಹೊತ್ತು ತಂದ ಆಳುಗಳು ಹಾಗೇ ಮಾಡಿದರು. ಅವರಿಗೂ ಆ ಕ್ಯಾಂಪಿನವನ ನೆನಪಿತ್ತು.

ಕೀಲಿ ತಿರುಗಿಸಿ ಸ್ಟಾರ್ಟರ್ ಎಳೆದೆ. ಎಂಜಿನ್ನು ಗರಗರ ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಇಲ್ಲ. ಬಾನೆಟ್ ಎತ್ತಿದೆ. ತಲೆ ಅಪ್ಪ ಕಲಿಸಿದ ದಾರಿಯಲ್ಲೇ ನಡೆಯಿತು. ಪೈಪು ಕಳಚಿ ಪಂಪು ಒತ್ತಿದೆ, ಪೆಟ್ರೋಲು ಚಿಮ್ಮಿತು. ಸರಿ, ಪೆಟ್ರೋಲಿದೆ. ಪ್ಲಗ್ಗಿನ ವೈರು ಕಿತ್ತು ಎಂಜಿನ್ನಿನ ಕಬ್ಬಿಣಕ್ಕೆ ಹತ್ತಿರ ಹಿಡಿದೆ. "ಹುಲಿಗೆಮ್ಮ, ಅಲ್ಲಿ ಗುಂಡಿ ಐತೆಲ್ಲ, ಅದನ್ನ ಜಗ್ಗು" ಅಂದೆ. ಅವಳು ಎಳೆದಳು. ಎಂಜಿನ್ನು ತಿರುಗಿತು, ಕಿಡಿ ಬರಲಿಲ್ಲ. ನಾಲ್ಕೂ ವೈರು ನೋಡಿದೆ, ಯಾವುದರಲ್ಲೂ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಬರುವ ನಡುವಿನ ವೈರು ಹಿಡಿದರೆ, ಕೊಬ್ಬಿದ ನೀಲಿ ಕಿಡಿ, ಚಟ್ ಎಂದು ಸಿಡಿಯಿತು. ಅಂದರೆ ಕಿಡಿ ಹಂಚುವ ಡಬ್ಬಿಯವರೆಗೆ ಬರುತ್ತಿದೆ, ಅಲ್ಲಿಂದ ಮುಂದೆ ಹೋಗುತ್ತಿಲ್ಲ.

ಈ ಡಬ್ಬಿಯ ವಿಷಯ ಸ್ವಲ್ಪ ಹೇಳಬೇಕು, ಇದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇದಕ್ಕೆ ಡಿಸ್ಟ್ರಿಬ್ಯೂಟರ್ ಎನ್ನುತ್ತಾರೆ. ಒಳಗೆ ಹೆಬ್ಬೆರಳಿನಷ್ಟು ಕರಿ ತುಂಡೊಂದು ಗರಗರ ತಿರುಗುತ್ತಾ, ನಾಲ್ಕು ಸಿಲಿಂಡರಿಗೂ ಸರದಿ ತಪ್ಪದೆ ಕಿಡಿ ಮುಟ್ಟಿಸುತ್ತದೆ. ಅದೇ ರೋಟರ್. ಅದಿಲ್ಲದಿದ್ದರೆ ಕಿಡಿಗೆ ದಾರಿಯಿಲ್ಲ. ಹಿಂದೆ ಕಳ್ಳರಿಗೆ ಹೆದರಿ ಕಾರು ನಿಲ್ಲಿಸಿ ಹೋಗುವವರು ಆ ತುಂಡೊಂದನ್ನು ಕಿತ್ತು ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದರು. ಕೀಲಿ ಇದ್ದರೂ ಕಳ್ಳ ಏನೂ ಮಾಡುವಂತಿರಲಿಲ್ಲ.

ಎರಡು ಕ್ಲಿಪ್ಪು ಬಿಚ್ಚಿ ಮುಚ್ಚಳ ತೆಗೆದೆ. ರೋಟರ್ ಇರಲಿಲ್ಲ. ಬರೀ ಕಬ್ಬಿಣದ ಮೊಳೆಯಂಥ ದಂಡದ ತುದಿ. ಬೆರಳು ಇಟ್ಟು ನೋಡಿದೆ. ಹುಲಿಗೆಮ್ಮ ಪಕ್ಕದಲ್ಲಿ ಬಂದು ನಿಂತು ಇಣುಕಿದಳು. "ಅಲ್ಲೇನರ ಇರಬೇಕಿತ್ತೇನ್ರಿ ಅಕ್ಕಾರ?"

"ಇರಬೇಕಿತ್ತು."

ಅತ್ತೆ ಆಗ ಬಾಯಿ ಬಿಟ್ಟರು. "ನಿಮ್ಮ ಮಾವಾರು ತಕ್ಕೊಂಡು ಹೋಗ್ಯಾರ. ನೀ ಮತ್ತ ಗಾಡಿ ಒಯ್ಯಬಾರದಂತ. ಅವ್ರ ಕಿಸೇದಾಗ ಐತಿ." ಅವರ ದನಿಯಲ್ಲಿ ಗೆಲುವಿರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಹಿರಿಯರಲ್ಲೊಬ್ಬ ನಕ್ಕ. "ಡಾಕ್ಟರಮ್ಮನ ಕೈ ಸೋತಿತ್ರೆಪಾ. ಇಳಸ್ರಿ ಅವನ್ನ, ಪೂಜಾರಿ ಬರಾಕತ್ಯಾನ."

ನಿಜಕ್ಕೂ ಪೂಜಾರಿ ಬೇವಿನ ಸೊಪ್ಪು ಹಿಡಿದು ಓಣಿಯ ತಿರುವಿನಲ್ಲಿ ಬರುತ್ತಿದ್ದ.

ನನ್ನೊಳಗೆ ಆ ಕ್ಷಣ ಎದ್ದ ಸಿಟ್ಟನ್ನು ಹೇಗೆ ಹೇಳಲಿ? ಅದು ಮಾವನ ಮೇಲೆ ಮಾತ್ರವಲ್ಲ. ಒಬ್ಬ ಮನುಷ್ಯ ಕಣ್ಣೆದುರು ಸಾಯುತ್ತಿದ್ದಾನೆ, ರೋಗ ಏನೆಂದು ಗೊತ್ತಿದೆ, ಮದ್ದು ಎಲ್ಲಿದೆ ಎಂದು ಗೊತ್ತಿದೆ, ಗಾಡಿಯ ದೋಷ ಏನೆಂದೂ ಗೊತ್ತಿದೆ. ಎಲ್ಲ ಗೊತ್ತಿದ್ದೂ, ಹೆಂಗಸು ಗಾಡಿ ಮುಟ್ಟಬಾರದು ಎಂಬ ಒಂದು ಮಾತಿಗೆ ಅವನು ಸಾಯಬೇಕು. ತಂತಿ ಸುತ್ತಿ, ಕಟ್ಟಿಗೆ ಕೆತ್ತಿ ರೋಟರಿನ ಬದಲಿಗೆ ಏನಾದರೂ ಮಾಡಿಕೊಂಡೆಯಾ ಎಂದು ಆಮೇಲೆ ಬಹಳ ಮಂದಿ ಕೇಳಿದ್ದಾರೆ. ಇಲ್ಲ. ಏನೂ ಮಾಡಲಿಲ್ಲ. ಅಷ್ಟು ವೇಳೆ ಎಲ್ಲಿತ್ತು? ಖಾಲಿ ಡಬ್ಬಿಯ ಮೇಲೆ ಮುಚ್ಚಳ ಬಡಿದು, ಎರಡೂ ಕ್ಲಿಪ್ಪು ಹಾಕಿ, ವೈರುಗಳನ್ನು ಅವುಗಳ ಜಾಗಕ್ಕೆ ಒತ್ತಿ, ಬಾನೆಟ್ ಮುಚ್ಚಿದೆ. ದೊಡ್ಡ ರಸ್ತೆಗೆ ಓಡಿ ಯಾವುದಾದರೂ ಲಾರಿ ತಡೆಯಬೇಕು ಎಂಬುದು ತಲೆಯಲ್ಲಿತ್ತು. ಆದರೆ ಆ ನಗುವ ಮುಖಗಳ ಮುಂದೆ, ಪೂಜಾರಿಗೆ ದಾರಿ ಬಿಟ್ಟು ಕಾರಿನಿಂದ ದೂರ ಸರಿಯಲು ಕಾಲು ಏಳಲಿಲ್ಲ.

"ಬಾಗಲಾ ಹಾಕ್ಕೋ ಹುಲಿಗೆಮ್ಮ" ಅಂದೆ. ಅವಳು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಬಾಗಿಲು ಎಳೆದುಕೊಂಡಳು. ನಾನು ಕೂತು ಸ್ಟಾರ್ಟರ್ ಎಳೆದೆ. ಆಗದು ಎಂದು ಗೊತ್ತಿದ್ದೇ ಎಳೆದೆ. ಯಾವ ದೇವರನ್ನೂ ನೆನೆಯಲಿಲ್ಲ. ಬೇಕಾದರೆ ಯಾರ ಮುಂದಾದರೂ ಇದನ್ನು ಹೇಳುತ್ತೇನೆ. ನನ್ನ ಬಾಯಲ್ಲಿ ಬಂದದ್ದು ಬೈಗುಳ.

ಎಂಜಿನ್ನು ಹತ್ತಿಕೊಂಡಿತು.

ಒಂದೇ ಎಳೆತಕ್ಕೆ. ಕೆಮ್ಮಲಿಲ್ಲ, ತಡವರಿಸಲಿಲ್ಲ. ನಾನು ಗೇರು ಹಾಕಿದೆ. ಹಿರಿಯರು ಹಿಂದೆ ಸರಿದದ್ದು, ಪೂಜಾರಿ ಗೋಡೆಗೆ ಒತ್ತಿ ನಿಂತದ್ದು ಕಂಡಿತು. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಕ್ಕಿಲ್ಲ, ತೆಗೆದ ತುಂಡಿನ ಬದಲಿಗೆ ನಾನು ಏನೋ ಹೊಂದಿಸಿದೆ ಎಂದುಕೊಂಡಿರಬೇಕು. ಖಾಲಿ ಡಬ್ಬಿಯಲ್ಲಿ ಗಾಡಿ ಹತ್ತಿತು ಎಂದರೆ ಏನೆಂದು ಗೊತ್ತಿದ್ದವಳು ನಾನೊಬ್ಬಳೇ.

ಆ ದಾರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಎರಡೂ ಕಡೆ ಹಸಿರು ಭತ್ತ, ನೆತ್ತಿಯ ಮೇಲೆ ಉರಿಬಿಸಿಲು, ಸ್ಟೇರಿಂಗ್ ಹಿಡಿದ ನನ್ನ ಕೈ ಮಾತ್ರ ಬಾವಿ ನೀರಿನಲ್ಲಿ ಅದ್ದಿದಷ್ಟು ತಣ್ಣಗೆ. ಕಾಲುವೆ ಸೇತುವೆಯ ಮೇಲೆ ಎಮ್ಮೆಯ ಹಿಂಡು ಅಡ್ಡ ಬಂತು. ನಿಲ್ಲಿಸಲೇಬೇಕಾಯಿತು. ಕಾಯುವವನು ಒಂದೊಂದನ್ನೇ ದಬ್ಬುತ್ತಿದ್ದ. ಎಂಜಿನ್ನು ನಿಂತಲ್ಲಿ ಓಡುತ್ತಿತ್ತು, ನಾನು ಬೇಡವೆಂದರೂ ಕಿವಿ ಅದರ ಕಡೆ ಹೋಯಿತು. ಮೂರನೇ ಸಿಲಿಂಡರಿನ ಬಿಕ್ಕಳಿಕೆ ಇರಲಿಲ್ಲ. ನಾಲ್ಕೂ ಏಟು ಸಮ, ಹೊಸ ಎಂಜಿನ್ನಿನ ಹಾಗೆ. ಸವೆದ ವಾಲ್ವಿನ ಎಂಜಿನ್ನು ಹಾಗೆ ಓಡುವುದು ಸಾಧ್ಯವಿಲ್ಲ. ಅಲ್ಲಿಯವರೆಗೆ ಸಿಟ್ಟಿನಲ್ಲೇ ಬಂದಿದ್ದ ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಮುಂದಿನ ಆ ಬಾನೆಟ್ಟಿನ ಕೆಳಗೆ ಏನು ನಡೆಯುತ್ತಿದೆ ಎಂದು ಎತ್ತಿ ನೋಡುವ ಧೈರ್ಯ ನನಗಿರಲಿಲ್ಲ. ಯೋಚಿಸಿದರೆ ನಿಂತೀತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು; ಗಾಡಿ ನನ್ನ ಯೋಚನೆ ಕೇಳಿ ಓಡುವುದಿಲ್ಲ ಎಂದು ನನಗೇ ಹೇಳಿಕೊಂಡೆ. ಎಮ್ಮೆ ಸರಿದವು. ಹಿಂದಿನಿಂದ ಹುಲಿಗೆಮ್ಮ, "ಉಸುರ ಐತ್ರಿ, ಇನ್ನಾ ಐತ್ರಿ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಎಂಜಿನ್ನಿನ ಸದ್ದು ಬಿಟ್ಟು ನಾನು ಆ ಮಾತನ್ನೇ ಕೇಳುತ್ತಾ ಓಡಿಸಿದೆ.

ಗಂಗಾವತಿ ದವಾಖಾನೆಯ ಮುಂದೆ ನಿಲ್ಲಿಸಿ, ರೂಢಿಯಂತೆ ಕೀಲಿ ತಿರುಗಿಸಿ ಆರಿಸಿದೆ. ಅವನನ್ನು ಒಳಗೆ ಒಯ್ದರು. ಡಾಕ್ಟರು ಕಣ್ಣು ನೋಡಿ, ವಾಸನೆ ನೋಡಿ, ಒಂದು ಮಾತೂ ಕೇಳದೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಮತ್ತೊಂದು. ಸಂಜೆಯ ಹೊತ್ತಿಗೆ ದುರುಗಪ್ಪನ ಬಾಯಿ ಒಣಗಿ, ಕಣ್ಣು ಅರಳಿ, ನೀರು ಕೇಳಿದ. ಹುಲಿಗೆಮ್ಮ ಅಲ್ಲೇ ನೆಲದ ಮೇಲೆ ಕೂತು ಸದ್ದಿಲ್ಲದೆ ಅತ್ತಳು.

ನಾನು ಹೊರಗೆ ಬಂದು ಕಾರಿನಲ್ಲಿ ಕೂತು ಸ್ಟಾರ್ಟರ್ ಎಳೆದೆ. ಗರಗರ ತಿರುಗಿತು. ಹತ್ತಲಿಲ್ಲ. ಎಷ್ಟು ಎಳೆದರೂ ಇಲ್ಲ. ಬ್ಯಾಟರಿ ಸೋಲತೊಡಗಿತು. ಎದುರಿನ ಗ್ಯಾರೇಜಿನ ಮೌಲಾಸಾಬ ಮಿಸ್ತ್ರಿ ಸದ್ದು ಕೇಳಿ ಕೈ ಒರೆಸಿಕೊಳ್ಳುತ್ತಾ ಬಂದ. ನಮ್ಮ ಕಾರಿನ ಕೆಲಸ ಯಜಮಾನರು ಅವನ ಹತ್ತಿರವೇ ಮಾಡಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವನೇ ನೋಡಲಿ ಎಂದು ನಿಂತೆ. ಅವನು ಬಾನೆಟ್ ಎತ್ತಿ, ಅದು ಇದು ಮುಟ್ಟಿ, ಕೊನೆಗೆ ಮುಚ್ಚಳ ತೆಗೆದ.

"ರೋಟರ್ ಎಲ್ಲೈತ್ರಿ ಅಕ್ಕಾರ?"

"ಮಾವಾರ ಕಿಸೇದಾಗ. ಕೊಪ್ಪಳದಾಗ."

"ಹಂಗಾರ ಗಾಡಿ ಯಾರು ಎಳಕೊಂಡು ಬಂದ್ರು?"

"ನಾನೇ ಓಡಿಸ್ಕೊಂಡು ಬಂದೆ."

ಅವನು ನನ್ನ ಮುಖ ನೋಡಿದ. ಆಮೇಲೆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಂಪರಿನಲ್ಲಿ ಹಗ್ಗದ ಗುರುತು ಇದೆಯೇ ಎಂದು ಹುಡುಕಿದ. ಇರಲಿಲ್ಲ. ಎದ್ದು ನಿಂತು ರೇಡಿಯೇಟರಿಗೆ ಕೈ ಇಟ್ಟ. ನಿಂತು ಬಹಳ ಹೊತ್ತಾಗಿದ್ದರೂ ಅದು ಇನ್ನೂ ಬೆಚ್ಚಗಿತ್ತು. ಎಳೆದು ತಂದ ಗಾಡಿಯ ಎಂಜಿನ್ನು ಬೆಚ್ಚಗಾಗುವುದಿಲ್ಲ.

ಮಾವ ಕೊಪ್ಪಳದಿಂದ ಬಂದ ಬಸ್ಸು ಇಳಿದಾಗ ಗಂಗಾವತಿ ನಿಲ್ದಾಣದಲ್ಲಿ ಊರಿನ ಯಾರೋ ಸುದ್ದಿ ಹೇಳಿದ್ದರು. ದೀಪ ಹಚ್ಚುವ ಹೊತ್ತಿಗೆ ದವಾಖಾನೆಗೆ ಬಂದರು. ಒಳಗೆ ಹೋಗಿ ದುರುಗಪ್ಪನನ್ನು ನೋಡಿ ಬಂದು ಕಾರಿನ ಪಕ್ಕ ನಿಂತರು. ತೆರೆದಿದ್ದ ಡಬ್ಬಿ ನೋಡಿದರು. ಒಳಕಿಸೆಯಿಂದ ಕರ್ಚೀಫು ತೆಗೆದು, ಗಂಟು ಬಿಚ್ಚಿ, ರೋಟರನ್ನು ಮಿಸ್ತ್ರಿಯ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು. ನಾನು ಹಾಕಿ ಮುಚ್ಚಿದೆ, ಎಳೆದೆ, ಗಾಡಿ ಚಾಲೂ ಆಯಿತು. ಮೂರನೇ ಸಿಲಿಂಡರು ಎಂದಿನಂತೆ ಬಿಕ್ಕಿತು.

ಮಾವ ಹಿಂದಿನ ಸೀಟಿನಲ್ಲಿ ಕೂತರು. "ನಡಿ" ಅಂದರು. ಇಡೀ ದಾರಿ ಅದೊಂದೇ ಮಾತು. ಆಮೇಲೆ ಅವರು ರೋಟರನ್ನು ಮುಟ್ಟಲಿಲ್ಲ.

ನಿಜವಾದ ಗಲಾಟೆ ಶುರುವಾದದ್ದು ಅದಾದ ಮೇಲೆ. ಮಿಸ್ತ್ರಿಯ ಬಾಯಿಂದ ಸುದ್ದಿ ಹಬ್ಬಿತು. ಮರುವಾರದಿಂದ ಅರಿಶಿನ ಕುಂಕುಮ ಹಿಡಿದು ಹೆಂಗಸರು ಬಂದರು, ತಾಯಿಯೇ ಗಾಡಿ ನಡೆಸಿದಳು ಎಂದರು. ಬಾನೆಟ್ಟಿನ ಮೇಲೆ ತೆಂಗಿನಕಾಯಿ ಒಡೆಯಲು ಬಂದವರನ್ನು ನಾನು ಅಂಗಳದಿಂದ ವಾಪಸು ಕಳಿಸಿದೆ. ಗಾಳಿ ಬಿಡಿಸುವ ಪೂಜಾರಿಯೂ ಬಂದ. ತಾನು ದೂರದಿಂದಲೇ ಮಂತ್ರ ಹಾಕಿದ್ದರಿಂದ ಗಾಡಿ ಎದ್ದಿತು ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ. "ಹೌದೇನು? ಹಂಗಾರ ಈಗ ಹಾಕು" ಎಂದು ಎಲ್ಲರ ಮುಂದೆ ರೋಟರ್ ಕಿತ್ತು ಕೈಯಲ್ಲಿ ಹಿಡಿದು ನಿಂತೆ. ಅವನು ಇವತ್ತು ವಾರ ಸರಿಯಿಲ್ಲ ಎಂದು ಹೋದ. ಅತ್ತೆ ಹುಲಿಗಿ ಗುಡಿಯ ದೇವಿಗೆ ಹರಕೆ ಹೊತ್ತಿದ್ದರು, ಹೋಗಿ ತೀರಿಸಿ ಬಂದರು. ನಾನು ಹೋಗಲಿಲ್ಲ. ದುರುಗಪ್ಪನನ್ನು ಉಳಿಸಿದ್ದು ಡಾಕ್ಟರ ಸೂಜಿ. ಈ ಮಾತನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಇನ್ನೊಂದು ಕಡೆಯವರೂ ನನ್ನನ್ನು ಬಿಡಲಿಲ್ಲ. ಕಾಲೇಜಿನ ಮೇಷ್ಟ್ರೊಬ್ಬರು, ಡಬ್ಬಿಯೊಳಗೆ ತೇವ ಇದ್ದರೆ ಕಿಡಿ ತಾನೇ ಹಾರಿರಬಹುದು ಎಂದರು. ಹಾರಲಿ, ಸರದಿ ತಪ್ಪದೆ ಹಾರುವುದು ಹೇಗೆ ಎಂದು ಕೇಳಿದೆ. ನಕ್ಕರು. ಗಾಬರಿಯಲ್ಲಿ ನಿಮಗೆ ರೋಟರ್ ಇದ್ದದ್ದು ಕಂಡಿರಲಿಕ್ಕಿಲ್ಲ ಎಂದರು. ನನ್ನ ಬೆರಳು ಗಾಬರಿಯಾಗಿರಲಿಲ್ಲ. ಅಲ್ಲದೆ ಮಾವನ ಕರ್ಚೀಫಿನಲ್ಲಿದ್ದದ್ದು ಏನು?

ಸುದ್ದಿ ಕೇಳಿ ಅಪ್ಪ ಕುಷ್ಟಗಿಯಿಂದ ಬಂದರು. ಎರಡು ದಿನ ಇದ್ದು ಆ ಗಾಡಿಯನ್ನು ಜಾಲಾಡಿದರು. ರೋಟರ್ ತೆಗೆದು ಎಳೆದು ನೋಡಿದರು, ಮುಚ್ಚಳ ಒದ್ದೆ ಮಾಡಿ ನೋಡಿದರು, ಒಣಗಿಸಿ ನೋಡಿದರು, ಮಧ್ಯಾಹ್ನದ ಅದೇ ಬಿಸಿಲಿಗೆ ನಿಲ್ಲಿಸಿ ನೋಡಿದರು. ಒಮ್ಮೆಯೂ ಒಂದು ಏಟು ಕೂಡ ಹೊಡೆಯಲಿಲ್ಲ. ಎರಡನೇ ಸಂಜೆ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತರು. ಚಹಾ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ನಿನ್ನ ಮಾತು ನಂಬ್ತೀನವ್ವಾ. ಆದ್ರ ಗಾಡಿ ಓಡ್ತು ಅಂಬೂದನ್ನ ನಂಬಾಕ ಆಗವಲ್ದು" ಅಂದರು. ಅದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಈ ವಿಷಯದಲ್ಲಿ ನಾನು ಮತ್ತೆ ಕೇಳಿಲ್ಲ.

ಹೊರಡುವ ಮೊದಲೇ ಡಬ್ಬಿ ಖಾಲಿ ಇದ್ದದ್ದನ್ನು ನನ್ನ ಜೊತೆ ಕಂಡವಳು ಹುಲಿಗೆಮ್ಮ ಒಬ್ಬಳೇ. ಅವಳನ್ನು ಒಮ್ಮೆ ಗದ್ದೆಯ ಬದುವಿನ ಮೇಲೆ ಕೂರಿಸಿಕೊಂಡು ಕೇಳಿದೆ, ಅವತ್ತು ನಿನಗೇನು ಅನ್ನಿಸಿತು ಎಂದು. "ನನಗೇನ್ ತಿಳೀತೈತ್ರಿ ಅಕ್ಕಾರ. ನಿಮ್ಮ ಮಾರಿ ನೋಡಿ ನನಗ ಅಂಜಿಕಿ ಬಂದಿತ್ತು. ಗಾಡಿಗೂ ಬಂದಿರಬೇಕು" ಎಂದು ನಕ್ಕು, ಕಳೆ ಕೀಳಲು ಇಳಿದಳು. ದುರುಗಪ್ಪ ಆಮೇಲೆ ಎಣ್ಣೆ ಹೊಡೆಯುವ ಕೆಲಸಕ್ಕೆ ಹೋಗಲಿಲ್ಲ. ನಾನೇ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಕಾರನ್ನು ಮಾರಿದೆವು. ಕೊಳ್ಳಲು ಬಂದವರು ಯಲಬುರ್ಗಾ ತಾಲೂಕಿನ ಮಂಗಳೂರಿನವರು. ಮಾವ ನನ್ನನ್ನು ಹೊರಗೆ ಕರೆದು, "ಗಾಡಿ ವಿಷಯ ಈಕಿನ್ನ ಕೇಳ್ರಿ" ಅಂದರು. ಬಂದವರಿಗೆ ಮುಜುಗರವಾಯಿತು. ಆದರೂ ಕೇಳಿದರು, "ಏನರ ದೋಷ ಐತೇನ್ರಿ ಇದ್ರಾಗ?"

ವಾಲ್ವಿನ ವಿಷಯ ಹೇಳಿದೆ. ಬ್ರೇಕು ಒಂದು ಕಡೆ ಎಳೆಯುವುದನ್ನು ಹೇಳಿದೆ. ಮುಚ್ಚಿಟ್ಟು ಮಾರುವುದು ನಮ್ಮ ಅಪ್ಪನ ಮನೆಯ ರೂಢಿಯಲ್ಲ.

"ಮತ್ತೇನಿಲ್ಲಲ್ರಿ?"

"ಇನ್ನೊಂದೈತಿ. ಒಂದು ಸಲ, ಓಡಬಾರದಾಗ ಓಡೈತಿ."

ಅವರು ಚೇಷ್ಟೆ ಎಂದುಕೊಂಡು ನಕ್ಕರು. ಮಾವ ನಗಲಿಲ್ಲ. ನಾನು ಹೇಳಿದ್ದು ಚೇಷ್ಟೆಯಾಗಿರಲಿಲ್ಲ. ಎಷ್ಟೋ ಗಾಡಿಗಳ ಎಷ್ಟೋ ದೋಷ ಹುಡುಕಿ ತೆಗೆದಿದ್ದೇನೆ. ಅದೊಂದನ್ನು ಹುಡುಕಲು ನನ್ನಿಂದ ಇನ್ನೂ ಆಗಿಲ್ಲ. ಆಗಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ, ಕೈ ಮಾತ್ರ ಮುಗಿಯುವುದಿಲ್ಲ.